ಸಿಸ್ಟರ್ ಹೇಳಿದ ಗಣಿಯೂರಿನ ತಂಡ

ಕಳೆದ ವಾರ ಸಿಸ್ಟರ್ ನಿವೃತ್ತರಾದರು. ಆಸ್ಪತ್ರೆಯವರು ಏರ್ಪಡಿಸಿದ್ದ ಬೀಳ್ಕೊಡುಗೆಯ ಚಹಾಕೂಟದಲ್ಲಿ ಮಾತಾಡಿದವರೆಲ್ಲ ಅವರ ಶಿಸ್ತು, ಸೇವೆ, ತಾಳ್ಮೆ ಇವನ್ನು ಹೊಗಳಿದರು. ತಾಳ್ಮೆ ಎಂಬ ಮಾತು ಬಂದ ಕೂಡಲೇ ಹಿಂದೆ ಗೋಡೆಗೊರಗಿ ನಿಂತಿದ್ದ ದೈತ್ಯಾಕಾರದ ಕೆಲವು ಗಂಡಸರು ಒಟ್ಟಿಗೆ ನಕ್ಕುಬಿಟ್ಟರು. ಭಾಷಣ ಮಾಡುತ್ತಿದ್ದ ಡಾಕ್ಟರು ಏನು ತಪ್ಪಾಯಿತೋ ಎಂದು ತಮ್ಮ ಚೀಟಿ ನೋಡಿಕೊಂಡರು. ಸಿಸ್ಟರ್ ಕುರ್ಚಿಯಲ್ಲಿ ಕೂತೇ ಹಿಂದಕ್ಕೆ ತಿರುಗಿ, “ಸುಮ್ಮನ ನಿಂದರ್ರಲೇ!” ಎಂದರು. ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಆ ದ್ವೀಪಮೂಲದ ಸಮೋವನ್, ಟೋಂಗನ್ ಗಂಡಸರು ತಟ್ಟನೆ ಬಾಯಿ ಮುಚ್ಚಿದರು.

ಸಿಸ್ಟರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನೂ ನಾನು ಕೇಳಿಲ್ಲ. ಹಿಂದೆ ನಿಂತಿದ್ದ ಆ ಗಂಡಸರಿಗೆ, ಆಗಿನ ಹುಡುಗರಿಗೆ, ಅವರು ಆಂಟಿ. ನಮ್ಮ ಕಡೆ ಆಸ್ಪತ್ರೆಯ ನರ್ಸ್ ಯಾರಾದರೂ ಸಿಸ್ಟರ್ ಆದ್ದರಿಂದ ನನಗೆ ಮೊದಲ ದಿನದಿಂದ ಸಿಸ್ಟರ್. ಅವರು ಗದಗಿನವರು. ಅಲ್ಲೇ ಬೆಳೆದು, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಗಲ್ಫ್ ದೇಶವೊಂದರಲ್ಲಿ ಕೆಲವು ವರ್ಷ ದುಡಿದು ಆಕ್ಲೆಂಡಿಗೆ ಬಂದವರು. ಅಲ್ಲಿನ ಪಾಪಟೋಯಿಟೋಯಿ ಬಡಾವಣೆಯ ಅವರ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಬಂದು ಈಸ್ಟ್ ತಮಾಕಿಯ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ಸರಕು ಕಳಿಸುವ ವಿಭಾಗ ನೋಡಿಕೊಳ್ಳುತ್ತಿದ್ದೆ. ಸಿಸ್ಟರಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಅವರ ಯಜಮಾನರು ಟ್ಯಾಕ್ಸಿ ಓಡಿಸುತ್ತಿದ್ದರು, ಶನಿವಾರ ಅವರಿಗೆ ಒಳ್ಳೆಯ ದುಡಿಮೆಯ ದಿನ. ನನ್ನ ಬಳಿ ಒಂದು ಹಳೆಯ ಕಾರಿತ್ತು. ಈ ಕಥೆಯಲ್ಲಿ ನನ್ನ ಪಾತ್ರ ಇಷ್ಟೇ, ನಾನು ಅವರ ಡ್ರೈವರ್.

ಇತಿಹಾಸ ಓದಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಆಧಾರವೆಲ್ಲಿ ಎಂದು ಕೇಳುವುದು. ನನ್ನ ನೆನಪನ್ನೂ ನಾನು ಹಾಗೆಯೇ ಕೇಳುತ್ತೇನೆ, ಅದು ಹೆಚ್ಚಾಗಿ ತಡವರಿಸುತ್ತದೆ. ಈ ಕಥೆ ನಡೆದ ವರ್ಷ ಡೈರಿ ಬರೆಯುತ್ತಿದ್ದೆ ನಿಜ. ಆದರೆ ಶನಿವಾರಗಳ ಮುಂದೆಲ್ಲ “ಆಟ. ಗೆದ್ದರು. ಗಾಳಿ” ಎಂಬಂಥ ಸಾಲುಗಳೇ ಇವೆ. ಮುಂದೆ ಬರೆಯುವುದೆಲ್ಲ ತಲೆಯಿಂದ ತೆಗೆದದ್ದು. ಅವರ ಮಾತನ್ನು ಗದಗಿನ ಕನ್ನಡದಲ್ಲೇ ಬರೆಯುತ್ತೇನೆ. ಹುಡುಗರೊಡನೆ ಅವರು ಆಡುತ್ತಿದ್ದದ್ದು ಇಂಗ್ಲಿಷ್. ಆದರೆ ಆ ಇಂಗ್ಲಿಷಿಗೂ ಗದಗಿನ ನಡಿಗೆಯೇ ಇತ್ತು, ನನ್ನ ಕಿವಿಯಲ್ಲಿ ಉಳಿದಿರುವುದೂ ಹಾಗೆಯೇ.

ಅವರು ಆ ಹುಡುಗರ ಆಟದ ತಂಡಕ್ಕೆ ಸೇರಿದ್ದು ಒಂದು ಜಗಳದಿಂದ. ಒಂದು ಭಾನುವಾರ ಸಿಸ್ಟರ್ ಕೆಲಸಕ್ಕಿದ್ದ ತುರ್ತು ಚಿಕಿತ್ಸೆಯ ವಿಭಾಗಕ್ಕೆ ಒಬ್ಬ ಟೋಂಗನ್ ಯುವಕ ಬಂದಿದ್ದ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಎತ್ತಿಡುವ ಕೆಲಸ ಅವನದು, ಹೆಸರು ಸಿಯೋನೆ. ಅವನ ಮುರಿದ ಬೆರಳಿಗೆ ಯಾರೋ ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪು ಸುತ್ತಿದ್ದರು.

“ಇದೇನಲೇ? ನೀನೇನು ವೈರೇನು, ಶಾಕ್ ಹೊಡೀತೀಯೇನು?”

“ನಮ್ಮ ಕೋಚ್ ಕಟ್ಟಿದ್ದು, ಆಂಟಿ. ನಮ್ಮ ತಂಡಕ್ಕೆ ಬೇರೆ ಟೇಪ್ ಇಲ್ಲ.”

“ಎಲ್ಲಿರ್ತಾನ ಆ ಕೋಚ್?”

ಮುಂದಿನ ಶನಿವಾರ ನನ್ನ ಕಾರಿನಲ್ಲಿ ಹೋಗಿ ಆ ಕೋಚನ್ನು ಹುಡುಕಿದೆವು. ಲಾರಿ ಓಡಿಸುವ, ಬೆಟ್ಟದಂಥ, ಈ ನಾಡಿನ ಮೂಲನಿವಾಸಿ ಮಾವೋರಿ ಮನುಷ್ಯ. ಸಿಸ್ಟರ್ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು, ಬೆರಳೆತ್ತಿ, ಅವನನ್ನು ಮೈದಾನದ ಮಧ್ಯೆ ನಿಲ್ಲಿಸಿ ಬೈದರು. ಅವನು ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ, “ಹಾಗಾದರೆ ಮುಂದಿನ ವಾರ ನೀವೇ ಕಟ್ಟಿ, ಆಂಟಿ” ಎಂದ. ಅವನು ವ್ಯಂಗ್ಯವಾಗಿ ಹೇಳಿದ್ದನೆಂದು ನನಗೆ ಅನ್ನಿಸಿತ್ತು. ಸಿಸ್ಟರ್ ಅದನ್ನು ನೇಮಕಾತಿ ಎಂದು ತಿಳಿದರು.

ರಗ್ಬಿಯೇ ದೇವರಾಗಿರುವ ಈ ದೇಶದಲ್ಲಿ ಆ ಹುಡುಗರು ಆಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್. ಇಲ್ಲಿನವರು ಅದನ್ನು ಗ್ರಿಡೈರನ್ ಎನ್ನುತ್ತಾರೆ. ತಲೆಗೆ ಮುಖವಾಡದ ಹೆಲ್ಮೆಟ್, ಹೆಗಲಿಗೆ ಗುರಾಣಿಯಂಥ ಪ್ಯಾಡು ತೊಟ್ಟು, ಒಂದೊಂದು ಸಲಕ್ಕೆ ನಾಲ್ಕಾರು ಹೆಜ್ಜೆ ನೆಲ ಗೆಲ್ಲುವ ಆಟ. ಆಟವನ್ನು ನಡೆಸುವವನು, ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ನಮ್ಮ ತಂಡದಲ್ಲಿ ಅದು ಸಿಯೋನೆ. ನೋಡಲು ಬರುತ್ತಿದ್ದವರು ಹೆಚ್ಚಾಗಿ ಆಟಗಾರರ ಅಮ್ಮಂದಿರು. ತಂಡದ ಬಳಿ ಸರಿಯಾದ ಹೆಲ್ಮೆಟ್ಟುಗಳೇ ಎಣಿಸಿದಷ್ಟಿದ್ದವು. ಒಬ್ಬನದು ಒಡೆದರೆ ಅವನು ಮನೆಗೆ.

ಇನ್ನು ಕಥೆಯ ವಿಷಯ. ಶನಿವಾರದ ಆಟಕ್ಕೂ ಗುರುವಾರ ಸಂಜೆಯ ಅಭ್ಯಾಸಕ್ಕೂ ಮುಂಚೆ ಪ್ರತಿಯೊಬ್ಬನ ಹರಡಿಗೆ, ಅಂದರೆ ಪಾದದ ಕೀಲಿಗೆ, ಬಿಗಿಯಾಗಿ ಟೇಪು ಸುತ್ತಬೇಕು. ಹುಡುಗರು ಒಂದು ಕ್ಷಣ ಸುಮ್ಮನೆ ಕೂರುವವರಲ್ಲ. ಕಾಲು ಕುಣಿಸುವುದು, ಪಕ್ಕದವನಿಗೆ ತಿವಿಯುವುದು. ಒಂದು ದಿನ ಸಿಸ್ಟರ್ ಟೇಪು ಸುತ್ತುತ್ತ ಇದ್ದಕ್ಕಿದ್ದಂತೆ, “ಎಂಬತ್ತು ವರ್ಷದ ಹಿಂದ ಅಮೆರಿಕಾದಾಗ ಕಲ್ಲಿದ್ದಲ ಗಣಿ ಇದ್ದ ಒಂದು ಸಣ್ಣ ಊರಿತ್ತು” ಎಂದು ಶುರುಮಾಡಿದರು. ಕಾಲು ಕುಣಿಯುವುದು ನಿಂತಿತು.

ಹಣ ಕೊಟ್ಟು ಆಡಿಸುವ ತಂಡಗಳು ಆಗಷ್ಟೇ ಹುಟ್ಟುತ್ತಿದ್ದ ಕಾಲದ ಕಥೆ ಅದು. ವಾರವಿಡೀ ಗಣಿಯಲ್ಲಿ, ಅಗ್ನಿಶಾಮಕ ದಳದಲ್ಲಿ, ಕಟುಕನ ಅಂಗಡಿಯಲ್ಲಿ ದುಡಿದು ಭಾನುವಾರ ಆಡಿ ಪುಡಿಗಾಸು ಪಡೆಯುವ ಗಂಡಸರ ಒಂದು ತಂಡ. ದೊಡ್ಡ ನಗರಗಳ ತಂಡಗಳನ್ನು ಒಂದೊಂದಾಗಿ ಸೋಲಿಸುತ್ತ ಒಂದು ಚಳಿಗಾಲದಲ್ಲಿ ಅವರು ಚಾಂಪಿಯನ್ನರಾಗುವ ಕಡೆಗೆ ಹೊರಟಿದ್ದರು. ವಾರ್ಡಿನಲ್ಲಿ ರೋಗಿಯೊಬ್ಬರು ಬಿಟ್ಟುಹೋದ, ರಟ್ಟು ಕಿತ್ತ ಪುಸ್ತಕವೊಂದರಲ್ಲಿ ಇದನ್ನು ಓದಿದ್ದಾಗಿ ಸಿಸ್ಟರ್ ಹೇಳಿದರು. ಪುಸ್ತಕವನ್ನು ನಾನು ಕಂಡಿಲ್ಲ. ಆಮೇಲೆ ಅಂತರ್ಜಾಲದಲ್ಲಿ ಹುಡುಕಿದೆ. ಗಣಿಯೂರಿನ ತಂಡವೊಂದು ಇದ್ದದ್ದು ಹೌದು. ಆದರೆ ಸಿಸ್ಟರ್ ಹೇಳಿದ ಆಟಗಳಿಗೂ ಅಲ್ಲಿ ಬರೆದಿದ್ದ ಆಟಗಳಿಗೂ ಪೂರ್ತಿ ಹೊಂದಲಿಲ್ಲ. ಸಿಸ್ಟರ್ ಬದಲಿಸಿದರೋ, ಪುಸ್ತಕವೇ ಬೇರೆಯೋ, ನಾನೇ ತಪ್ಪು ನೆನಪಿಟ್ಟುಕೊಂಡಿರುವೆನೋ ಹೇಳಲಾರೆ.

ವಾರಕ್ಕೆ ಒಂದೇ ಆಟದ ಕಥೆ. ಅದೂ ಟೇಪು ಸುತ್ತುವಷ್ಟು ಹೊತ್ತು ಮಾತ್ರ. ಒಬ್ಬನ ಹರಡಿ ಮುಗಿದರೆ ಅವನು ಎದ್ದು ಓಡಬೇಕು, ಮುಂದಿನವನಿಗೆ ಮುಂದಿನ ಭಾಗ. ಹೀಗಾಗಿ ಮೊದಲು ಬಂದವನಿಗೆ ಆಟದ ಆರಂಭ ಮಾತ್ರ ಗೊತ್ತು, ಕೊನೆಗೆ ಬಂದವನಿಗೆ ಮುಕ್ತಾಯ ಮಾತ್ರ. ಅಭ್ಯಾಸದ ಓಟದ ನಡುವೆ ಹುಡುಗರು ತಮ್ಮ ತಮ್ಮ ತುಂಡುಗಳನ್ನು ಸೇರಿಸಿಕೊಳ್ಳುತ್ತ ಜಗಳವಾಡುತ್ತಿದ್ದರು.

“ರೈಲು ತಪ್ಪಿದ ಮೇಲೆ ಅವರು ಹೇಗೆ ಹೋದರು?”

“ಕಲ್ಲಿದ್ದಲ ಗಾಡಿಯಲ್ಲಿ. ಮುಖವೆಲ್ಲ ಕಪ್ಪು ಮಾಡಿಕೊಂಡು ಇಳಿದರಂತೆ, ಎದುರಿನವರು ಹೆದರಿಬಿಟ್ಟರಂತೆ.”

“ಸುಳ್ಳು! ನನಗೆ ಆಂಟಿ ಹಾಗೆ ಹೇಳಲೇ ಇಲ್ಲ.”

“ನಿನ್ನ ಕಾಲು ಸಣ್ಣದು, ನಿನಗೆ ಕಥೆಯೂ ಸಣ್ಣದು.”

ಪೂರ್ತಿ ಕೇಳುತ್ತಿದ್ದವರು ಇಬ್ಬರೇ. ಪಕ್ಕದಲ್ಲಿ ಕೂತು ಟೇಪು ಕತ್ತರಿಸಿಕೊಡುತ್ತಿದ್ದ ನಾನು, ಮತ್ತು ಸಿಯೋನೆ. ಅವನು ಮೊದಲು ಬಂದು ಕಟ್ಟಿಸಿಕೊಂಡು, ಕೋಚ್ ಕೂಗಿದರೂ ಏಳದೆ, ಹುಲ್ಲಿನ ಮೇಲೆ ಬಿದ್ದುಕೊಂಡು ಕೊನೆಯತನಕ ಕೇಳುತ್ತಿದ್ದ. ಯಾರಿಗೆ ಯಾವ ತುಂಡು ಬೇಕಾದರೂ ಅವನನ್ನು ಕೇಳುತ್ತಿದ್ದರು. ಸಿಸ್ಟರ್ ಹೇಳಿದ್ದನ್ನು ಅವರ ಕೈ ತಿರುಗಿಸುವ ರೀತಿಯ ಸಮೇತ ಒಪ್ಪಿಸುತ್ತಿದ್ದ.

ಸಿಸ್ಟರ್ ಅಮೆರಿಕದ ಗಣಿಯೂರನ್ನು ಮೆಲ್ಲಮೆಲ್ಲನೆ ಗದಗಿಗೆ ಎಳೆದು ತರುತ್ತಿದ್ದರು. ಪಾಪಟೋಯಿಟೋಯಿಯ ಅಂಗಡಿಯಿಂದ ಮಂಡಕ್ಕಿ ತಂದು, ಈರುಳ್ಳಿ, ಹಸಿಮೆಣಸು, ಹುಣಸೆರಸ ಹಾಕಿ ಗಿರ್ಮಿಟ್ ಕಲಸಿ ದೊಡ್ಡ ಪಾತ್ರೆಯಲ್ಲಿ ಮೈದಾನಕ್ಕೆ ಒಯ್ಯುತ್ತಿದ್ದರು. ಮೊದಲ ಸಲ ತಿಂದ ಹುಡುಗರ ಕಣ್ಣಲ್ಲಿ ನೀರು ಬಂತು. ಮೂರನೇ ವಾರ ಪಾತ್ರೆ ತೊಳೆದಷ್ಟು ಖಾಲಿ. ಅಷ್ಟರಲ್ಲಿ ಕಥೆಯ ಗಣಿಯವರೂ ಅರ್ಧ ಆಟದ ವಿರಾಮಕ್ಕೆ ಗಿರ್ಮಿಟ್ ತಿನ್ನತೊಡಗಿದ್ದರು.

“ಅಮೆರಿಕದಲ್ಲಿ ನಿಜವಾಗಿ ಇದನ್ನು ತಿನ್ನುತ್ತಿದ್ದರಾ, ಆಂಟಿ?”

“ಮತ್ತ? ಬರೇ ಬ್ರೆಡ್ ತಿಂದು ಗೆಲ್ಲಾಕ ಆಗತೈತೇನು?”

ನಮ್ಮವರಲ್ಲಿ ಇದು ಸುದ್ದಿಯಾಗದೆ ಇರಲಿಲ್ಲ. ರಾಜ್ಯೋತ್ಸವದ ಕೂಟದಲ್ಲಿ ಒಬ್ಬ ಹೆಂಗಸು ಹೋಳಿಗೆ ಬಡಿಸುತ್ತ, “ಏನ್ರೀ ಸಿಸ್ಟರ್, ಶನಿವಾರ ಶನಿವಾರ ಗಂಡು ಹುಡುಗರ ಕಾಲು ಹಿಡಿಯೋಕೆ ಹೋಗ್ತೀರಂತೆ?” ಎಂದರು. ಸುತ್ತಲಿದ್ದವರು ಊಟ ನಿಲ್ಲಿಸಿದರು.

“ಹೌದ್ರಿ,” ಎಂದರು ಸಿಸ್ಟರ್. “ಹೋದ ತಿಂಗಳ ನಿಮ್ಮ ಯಜಮಾನರದೂ ಹಿಡಿದಿದ್ದೆ, ವಾರ್ಡಿನಾಗ. ಆವಾಗ ನೀವು ಭಾಳ ಥ್ಯಾಂಕ್ಸ್ ಹೇಳಿದ್ರಿ.” ಹೋಳಿಗೆ ತುಂಡುಮಾಡಿ, “ತುಪ್ಪ ಸ್ವಲ್ಪ ಕಡಿಮಿ ಆಗೈತಿ” ಎಂದೂ ಸೇರಿಸಿದರು.

ಆ ಸಲ ಸರಣಿಯ ಕೊನೆಯ ವಾರಗಳಿಗೆ ರಂಜಾನ್ ಬಂದಿತ್ತು. ನವೆಂಬರಿನಲ್ಲಿ ಇಲ್ಲಿ ಬೇಸಗೆಯ ಬಾಗಿಲು, ಸೂರ್ಯ ಮುಳುಗುವ ಮನಸ್ಸೇ ಮಾಡುವುದಿಲ್ಲ. ಸಿಸ್ಟರ್ ಉಪವಾಸವಿದ್ದುಕೊಂಡೇ ಟೇಪು ಸುತ್ತುತ್ತಿದ್ದರು. ಅವರು ನೀರು ಕುಡಿಯುವುದಿಲ್ಲ ಎಂದು ಗೊತ್ತಾದ ದಿನ ಹುಡುಗರೂ ಅವರೆದುರು ನೀರು ಮುಟ್ಟಲಿಲ್ಲ. “ಕುಡೀರಲೇ! ಉಪವಾಸ ನಂದು, ನೀವ್ಯಾಕ ಬೀಳ್ತೀರಿ?” ಎಂದು ಬಾಟಲಿಗಳನ್ನು ಎಸೆದೆಸೆದು ಕೊಟ್ಟರು. ಗುರುವಾರದ ಅಭ್ಯಾಸ ಮುಗಿದ ಮೇಲೆ ಅವರೆಲ್ಲ ಪಶ್ಚಿಮಕ್ಕೆ ಮುಖಮಾಡಿ ಕೂತು ಸೂರ್ಯನನ್ನು ಕಾಯುತ್ತಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಹುಡುಗರು. “ಈಗ, ಆಂಟಿ?” “ಇನ್ನೂ ಇಲ್ಲ.” “ಈಗ?” “ತಡಿಯೋ.” ಅವರು ಖರ್ಜೂರ ಬಾಯಿಗಿಟ್ಟ ಮೇಲೆಯೇ ಗಿರ್ಮಿಟ್ ಪಾತ್ರೆಗೆ ಕೈ ಬೀಳುತ್ತಿದ್ದದ್ದು.

ಕಥೆಯಲ್ಲಿ ಎಲ್ಲರಿಗೂ ಅಚ್ಚುಮೆಚ್ಚಿನವನೆಂದರೆ ಗಣಿಯೊಳಗೆ ಕಲ್ಲಿದ್ದಲ ಗಾಡಿಯ ಹೇಸರಗತ್ತೆ ಹೊಡೆಯುತ್ತಿದ್ದ ಒಬ್ಬ ಆಟಗಾರ. ಅವನಿಗೆ ಸಿಸ್ಟರ್ ಹೆಸರು ಕೊಟ್ಟಿರಲಿಲ್ಲ, ಹೇಸರಗತ್ತೆಯವ, ಅಷ್ಟೇ. ದೊಡ್ಡ ನಗರದ ತಂಡದೆದುರು ಆಡುವಾಗ ಅವನ ತಲೆಗೆ ಪೆಟ್ಟು ಬಿತ್ತು. ಆಗಿನ ಹೆಲ್ಮೆಟ್ ಎಂದರೆ ಬರಿಯ ತೊಗಲಿನ ಟೋಪಿ. ಹೊತ್ತುಕೊಂಡು ಹೊರಗೆ ಮಲಗಿಸಿದರು. ಅವನು ಎದ್ದು, ತಲೆಗೆ ಬಟ್ಟೆ ಬಿಗಿದುಕೊಂಡು, ಮತ್ತೆ ಒಳಗೆ ಓಡಿ ಆಟ ಗೆಲ್ಲಿಸಿದ. ಸಿಸ್ಟರ್ ಇದನ್ನು ಹೇಳಿದ ದಿನ ಹುಡುಗರ ಮೈ ಝುಮ್ಮೆಂದಿತ್ತು. ಹರಡಿ ಕಟ್ಟಿಸಿಕೊಂಡವರೂ ಏಳಲಿಲ್ಲ. ಮುಂದಿನ ಶನಿವಾರದಿಂದ ಸಿಯೋನೆ ಹೆಲ್ಮೆಟ್ ಕೆಳಗೆ ಬಿಳಿಯ ಬಟ್ಟೆಯೊಂದನ್ನು ಕಟ್ಟಿಕೊಳ್ಳತೊಡಗಿದ. ಸಿಸ್ಟರ್ ಅದನ್ನು ನೋಡಿ ಖುಷಿಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ.

ಸೆಮಿಫೈನಲಿನಲ್ಲಿ ನಾವು ಗೆದ್ದೆವು. ಕೊನೆಯ ಹೊತ್ತಿನಲ್ಲಿ ಎದುರಾಳಿಯೊಬ್ಬ ಸಿಯೋನೆಯನ್ನು ಎತ್ತಿ ನೆಲಕ್ಕೆ ಬಡಿದ. ಅವನು ಎದ್ದ, ಕೈಬೀಸಿದ, ಆಮೇಲೆ ನೆಟ್ಟಗೆ ನಡೆದುಕೊಂಡು ಎದುರಿನವರ ಬೆಂಚಿನ ಕಡೆಗೆ ಹೋದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಿಸ್ಟರ್ ನಗಲಿಲ್ಲ.

ಗುರುವಾರ ಅವನು ಎಂದಿನಂತೆ ಮೊದಲು ಬಂದು ಕಾಲು ಚಾಚಿದ. ಸಿಸ್ಟರ್ ಟೇಪಿನ ಸುರುಳಿ ಬಿಚ್ಚುತ್ತ ಸಹಜವಾಗಿ ಕೇಳಿದರು:

“ಎಲ್ಲಿಗೆ ನಿಲ್ಲಿಸಿದ್ದೆ ಹೋದ ವಾರ? ಸ್ವಲ್ಪ ನೆನಪು ಮಾಡು.”

“ರೈಲು ತಪ್ಪಿಸಿಕೊಂಡರಲ್ಲ, ಆಂಟಿ.”

“ಅದು ಮೊದಲಿಂದು. ಹೋದ ವಾರದ್ದು.”

ಸಿಯೋನೆ ನಕ್ಕ. ಮಾತು ಶುರುಮಾಡಿದ. ರೈಲು, ಹಿಮ ಬಿದ್ದ ಮೈದಾನ, ಹೇಸರಗತ್ತೆಯವ ಎಲ್ಲ ಕಲಸಿಹೋಗಿದ್ದವು. ನಡುವೆ ನಿಂತು ಹಣೆ ಒತ್ತಿಕೊಂಡ. ತಮ್ಮಲ್ಲಿ ಪೂರ್ತಿ ಕಥೆ ಬಲ್ಲವನು ಅವನೊಬ್ಬನೇ ಎಂದು ಗೊತ್ತಿದ್ದ ಹುಡುಗರು ಸುತ್ತ ನಿಂತು ಅವನನ್ನೇ ನೋಡುತ್ತಿದ್ದರು. ಸಿಸ್ಟರ್ ಸುರುಳಿಯನ್ನು ಕೆಳಗಿಟ್ಟರು.

“ಶನಿವಾರ ಯಾರನ್ನ ಸೋಲಿಸಿದ್ರಿ, ಸಿಯೋನೆ?”

ಅವನು ಕೋಚಿನ ಮುಖ ನೋಡಿದ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಇಣುಕುವ ಹುಡುಗನ ಹಾಗೆ.

“ನೀ ಫೈನಲ್ ಆಡೂದಿಲ್ಲ,” ಎಂದರು ಸಿಸ್ಟರ್.

ಎಲ್ಲರೂ ಒಟ್ಟಿಗೆ ಮಾತಾಡಿದರು. ಸಿಯೋನೆಯ ದನಿ ಎಲ್ಲಕ್ಕಿಂತ ಮೇಲಿತ್ತು. “ಹೇಸರಗತ್ತೆಯವನು ಆಡಿದನಲ್ಲ, ಆಂಟಿ! ತಲೆಗೆ ಪೆಟ್ಟು ಬಿದ್ದ ಮೇಲೂ ಆಡಿ ಗೆಲ್ಲಿಸಿದ. ನೀವೇ ಹೇಳಿದ್ದು!” ಅದೊಂದು ಮಾತ್ರ ಅವನಿಗೆ ಸ್ಪಷ್ಟವಾಗಿ ನೆನಪಿತ್ತು.

ಸಿಸ್ಟರ ಮುಖ ಬಿಳಿಚಿತು ಎಂದು ಬರೆಯಹೊರಟೆ. ಅವರು ಬೆಳಗಿನಿಂದ ಉಪವಾಸವಿದ್ದರು, ಮೊದಲೇ ಬಿಳಿಚಿದ್ದಿರಬಹುದು.

“ಆಡಲಿಲ್ಲ,” ಎಂದರು. “ಅದು ನಾನು ಸೇರಿಸಿದ್ದು. ಪುಸ್ತಕದಾಗ ಅಂವ ಹೊರಗ ಕುಂತ. ಆಟ ಮುಗಿಯೂತನಕ ಹೊರಗ ಕುಂತ.”

ತಂಡದ ಅತಿ ದಪ್ಪನೆಯ ಹುಡುಗ, ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಿದ್ದವನು, ನೊಂದ ದನಿಯಲ್ಲಿ ಕೇಳಿದ: “ಹಾಗಾದರೆ ರೈಲು?”

“ರೈಲು ಖರೆ.”

“ಹಿಮ?”

“ಅದೂ ಖರೆ.”

“ಗಿರ್ಮಿಟ್?”

ಸಿಸ್ಟರ್ ಟೇಪಿನ ಸುರುಳಿಯನ್ನು ಮತ್ತೆ ಕೈಗೆತ್ತಿಕೊಂಡರು. “ಗಿರ್ಮಿಟ್ ಸುಳ್ಳು,” ಎಂದರು.

ಆ ಸಂಜೆ ಯಾರೂ ಕಥೆ ಕೇಳಲಿಲ್ಲ. ಸಾಲಾಗಿ ಬಂದು ಕಾಲು ಚಾಚಿ, ಕಟ್ಟಿಸಿಕೊಂಡು ಎದ್ದುಹೋದರು. ಕೋಚ್ ಅವರನ್ನು ಪಕ್ಕಕ್ಕೆ ಕರೆದ. “ಆಂಟಿ, ಇಡೀ ವರ್ಷದ ಬೆವರು ಇದು. ಅವನೇ ಆರಾಮಿದ್ದೇನೆ ಅನ್ನುತ್ತಾನೆ. ನೀವು ಡಾಕ್ಟರಲ್ಲ.”

“ನಾನು ಡಾಕ್ಟರಲ್ಲ. ಡಾಕ್ಟರಿಗೆ ತೋರಿಸು.”

“ತಲೆ ಪೆಟ್ಟು ನೋಡುವ ಡಾಕ್ಟರು ಸೋಮವಾರಕ್ಕೆ ಮುಂಚೆ ಸಿಗುವುದಿಲ್ಲವಂತೆ.”

“ಹಂಗಾದ್ರ ಸೋಮವಾರ ಫೈನಲ್ ಇಡು.”

ಕೋಚ್ ಆಕಾಶ ನೋಡಿ, “ಶನಿವಾರ ನೋಡೋಣ” ಎಂದ. ಆ ಮಾತಿನ ಅರ್ಥ ನಮ್ಮಿಬ್ಬರಿಗೂ ತಿಳಿಯಿತು. ಅವನನ್ನು ಆಡಿಸುತ್ತಾರೆ.

ಕಾರಿನಲ್ಲಿ ಹೋಗುವಾಗ ಸಿಸ್ಟರ್ ಮನೆಯ ತಿರುವಿನಲ್ಲಿ, “ತಲಿಗೆ ಎರಡನೇ ಪೆಟ್ಟು ಬಿದ್ದವರನ್ನ ನಾನು ನೋಡೀನ್ರಿ,” ಎಂದರು. “ಚಮಚಾ ಹಿಡಿಯೂದನ್ನ ಹೊಸದಾಗಿ ಕಲೀತಾರ. ಅವರವ್ವನ ಹೆಸರು ಕೇಳಿದ್ರ ಯೋಚನಿ ಮಾಡ್ತಾರ.” ಆಮೇಲೆ, “ಆ ಬಟ್ಟಿ ಅವನ ತಲಿಗೆ ಕಟ್ಟಿದಾಕಿ ನಾನ ಅಲ್ಲೇನು?” ಎಂದರು. ನಾನು ಇಂಡಿಕೇಟರ್ ಹಾಕಿದೆ.

ಶನಿವಾರ ನಾವು ಎಲ್ಲರಿಗಿಂತ ಮುಂಚೆ ಹೋದೆವು. ಹೆಲ್ಮೆಟ್ಟುಗಳೆಲ್ಲ ಬೆಂಚಿನ ಪಕ್ಕದ ದೊಡ್ಡ ಚೀಲದಲ್ಲಿದ್ದವು. ಸಿಸ್ಟರ್ ಒಂದೊಂದನ್ನೇ ತೆಗೆದು ನೋಡಿ, ಒಳಗೆ ಬಿಳಿಬಟ್ಟೆ ಸಿಕ್ಕಿಸಿದ್ದ ಒಂದನ್ನು ಹುಡುಕಿ, ಗೆರೆಯ ಹೊರಗೆ ಹುಲ್ಲಿನ ಮೇಲೆ ಇಟ್ಟರು. ಸುತ್ತ ನೋಡಿದರು. ಆಮೇಲೆ ತಮ್ಮ ಉದ್ದ ಕೋಟನ್ನು ಹರಡಿಕೊಂಡು ಆ ಹೆಲ್ಮೆಟ್ಟಿನ ಮೇಲೆ ಕೂತುಬಿಟ್ಟರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಮಣೆಯ ಮೇಲೆ ಕೂರುವವರ ಹಾಗೆ. ಅಲ್ಲೇ ಕೂತು ಎಲ್ಲರ ಹರಡಿಗೂ ಟೇಪು ಸುತ್ತಿದರು.

ಆಟಕ್ಕೆ ಕರೆ ಬಂತು. ಸಿಯೋನೆ ಚೀಲ ತಲೆಕೆಳಗು ಮಾಡಿದ. ಕೋಚ್ ಬಂದು ಹುಡುಕಿದ. ಬೇಕರಿಯ ಹುಡುಗ ಬೆಂಚಿನ ಕೆಳಗೆ ತೆವಳಿದ. ಆಗ ಸಿಯೋನೆಯ ಕಣ್ಣು ಸಿಸ್ಟರ ಕೋಟಿನಡಿಯಿಂದ ಇಣುಕುತ್ತಿದ್ದ ಮುಖವಾಡದ ಕಂಬಿಯ ಮೇಲೆ ಬಿತ್ತು.

“ಆಂಟಿ,” ಎಂದ. “ದಯವಿಟ್ಟು ಏಳಿ.”

“ಕಾಲು ನೋಯಾಕತ್ತಾವ. ಈಗಷ್ಟ ಕುಂತೀನಿ.”

ಕೋಚ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. “ಆಂಟಿ, ಆರಾಮಾಗಿದ್ದೀರಾ?”

“ಭಾಳ ಆರಾಮ.”

ಅಲ್ಲಿದ್ದವರಲ್ಲಿ ಯಾರೊಬ್ಬನಾದರೂ ಸಿಸ್ಟರನ್ನು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಆದರೆ ಕೂತ ಹಿರಿಯ ಹೆಂಗಸನ್ನು ಮೈಮುಟ್ಟಿ ಎಬ್ಬಿಸುವುದು ಟೋಂಗನ್ನರಲ್ಲೂ ಇಲ್ಲ, ಸಮೋವನ್ನರಲ್ಲೂ ಇಲ್ಲ, ಮಾವೋರಿಗಳಲ್ಲೂ ಇಲ್ಲ. ಗದಗಿನಲ್ಲೂ ಇಲ್ಲ. ಸಿಸ್ಟರಿಗೆ ಅದು ಗೊತ್ತಿತ್ತು. ಕೋಚ್ ಸಿಯೋನೆಯ ಅಮ್ಮನ ಕಡೆಗೆ ಆಸೆಯಿಂದ ನೋಡಿದ. ಭಾರೀ ಮೈಯ ಆ ತಾಯಿ ತನ್ನ ಚಾಪೆಯನ್ನು ಎತ್ತಿಕೊಂಡು ನಿಧಾನವಾಗಿ ಬಂದು, ಎಲ್ಲವನ್ನೂ ಕೇಳಿ, ಚಾಪೆ ಬಿಡಿಸಿ ಸಿಸ್ಟರ ಪಕ್ಕದಲ್ಲೇ ಕೂತಳು. “ಮನೆಯಲ್ಲೂ ಎರಡು ದಿನದಿಂದ ಬೂಟು ಎಲ್ಲಿ, ಬೂಟು ಎಲ್ಲಿ ಅಂತ ಹುಡುಕುತ್ತಾನೆ. ಕಾಲಲ್ಲೇ ಇರುತ್ತದೆ,” ಎಂದಳು. ಕೋಚ್ ಆ ಮಾತು ಕೇಳಿ ಮುಖ ತಿರುಗಿಸಿದ. ಆಮೇಲೆ ಬೇಕರಿಯ ಹುಡುಗನನ್ನು ಕರೆದು, “ನೀನು ನಡೆಸು” ಎಂದ.

“ನಾನಾ? ನನಗೆ ಎಸೆಯಲು ಬರುವುದಿಲ್ಲ!”

“ಎಸೆಯಬೇಡ. ಹಿಡಿದುಕೊಂಡು ಮುಂದೆ ಬೀಳು.”

ನಾನು ನೋಡಿದ ಅತ್ಯಂತ ಕುರೂಪದ ಆಟ ಅದು. ಹಿಡಿಯುವುದು, ಬೀಳುವುದು, ಏಳುವುದು, ಮತ್ತೆ ಬೀಳುವುದು. ಸಿಯೋನೆ ಮೊದಲರ್ಧವೆಲ್ಲ ಸಿಸ್ಟರ ಹಿಂದೆ, ಮೈದಾನಕ್ಕೆ ಬೆನ್ನುಮಾಡಿ ನಿಂತಿದ್ದ. ಎರಡನೆಯ ಅರ್ಧದಲ್ಲಿ ತಡೆಯಲಾರದೆ ಕೂಗತೊಡಗಿದ. ಅವನ ಸೂಚನೆಗಳಲ್ಲಿ ಅರ್ಧ ಬೇರೆ ಯಾವುದೋ ಆಟದವಾಗಿದ್ದವು ಎಂದು ಕೋಚ್ ಆಮೇಲೆ ಹೇಳಿದ. ಕಣ್ಣಿಗೆ ಬೆಳಕು ಚುಚ್ಚುತ್ತಿದೆ ಎಂದು ನಡುವೆ ಒಮ್ಮೆ ಅವನು ಕೂತುಬಿಟ್ಟ. ಸಿಸ್ಟರ್ ತಮ್ಮ ದುಪಟ್ಟಾದ ಸೆರಗನ್ನು ಅವನ ಹಣೆಗೆ ನೆರಳಾಗಿ ಹಿಡಿದರು. ಅವನು ಬೇಡವೆನ್ನಲಿಲ್ಲ.

ನಮ್ಮ ಜಾಣತನದಿಂದ ಗೆದ್ದೆವು ಎಂದು ಹೇಳಲಾರೆ. ಕೊನೆಯಲ್ಲಿ ನಾವು ಕೂದಲೆಳೆಯಷ್ಟು ಮುಂದಿದ್ದೆವು. ಎದುರಿನವರ ಕೊನೆಯ ಒದೆತ ಗೋಲು ಕಂಬಗಳ ನಡುವೆ ಹೋಗಿದ್ದರೆ ಅವರಿಗೆ ಅಂಕ, ಅವರದೇ ಕಪ್. ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು. ಬೇಕರಿಯ ಹುಡುಗನನ್ನು ಎಲ್ಲರೂ ಹೆಗಲಿಗೆತ್ತಲು ಹೋಗಿ, ಆಗದೆ, ಕೆಳಗಿಳಿಸಿದರು.

ಸಿಯೋನೆ ಮೈದಾನಕ್ಕೆ ಓಡಲಿಲ್ಲ. ಸಿಸ್ಟರ ಮುಂದೆ ಬಂದು ನಿಂತ.

“ಈಗಲಾದರೂ ಏಳುತ್ತೀರಾ, ಆಂಟಿ?”

“ಕಾಲು ಜೋಮು ಹಿಡದಾವ. ಎಬ್ಬಿಸು.”

ಅವನು ಎರಡೂ ಕೈ ನೀಡಿದ. ಸಿಸ್ಟರ್ ಹಿಡಿದುಕೊಂಡು ಎದ್ದರು, ತೂಗಾಡಿ ನಿಂತರು. ಅವನು ಬಗ್ಗಿ ಹೆಲ್ಮೆಟ್ ತೆಗೆದುಕೊಂಡು ಒಳಗೆ ಕೈಹಾಕಿ ನೋಡಿ, “ಇನ್ನೂ ಬಿಸಿಯಾಗಿದೆ” ಎಂದ. ಅವನಮ್ಮ ನಕ್ಕಳು. ಅವನು ನಗಲಿಲ್ಲ, ಆದರೆ ಹೆಲ್ಮೆಟ್ಟನ್ನು ಎಸೆಯಲೂ ಇಲ್ಲ.

ಬಹುಮಾನ, ಫೋಟೋ ಎಲ್ಲ ಮುಗಿಯುವಷ್ಟರಲ್ಲಿ ಬಿಸಿಲು ಕೆಂಪಾಗಿತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಕೂತರು. ಸೂರ್ಯ ಮುಳುಗಿದ ಮೇಲೆ ಸಿಸ್ಟರ್ ಖರ್ಜೂರ ತಿಂದು ನೀರು ಕುಡಿದರು. ಗಿರ್ಮಿಟ್ ಪಾತ್ರೆ ಸುತ್ತು ಹೊರಟಿತು. ಯಾರೋ ಒಬ್ಬ, “ಆ ಗಣಿಯವರು ಕೊನೆಗೆ ಗೆದ್ದರಾ, ಆಂಟಿ? ನಿಜ ಹೇಳಿ” ಎಂದ.

“ಹೇಳ್ತೀನಿ. ಕೊನೀ ಆಟ...”

“ಕೊನೆಯದು ಬೇಡ,” ಎಂದ ಸಿಯೋನೆ. ಕಾರಿನ ಚಕ್ರಕ್ಕೊರಗಿ ಕಣ್ಣುಮುಚ್ಚಿ ಕೂತಿದ್ದ. “ಮೊದಲಿನಿಂದ ಹೇಳಿ. ನನ್ನ ಹತ್ತಿರ ಕೆಲವು ತುಂಡುಗಳಿಲ್ಲ.”

ಯಾರೂ ತಮಾಷೆ ಮಾಡಲಿಲ್ಲ. ಸಿಸ್ಟರ್ ದಿನವಿಡೀ ಒಣಗಿದ ಗಂಟಲನ್ನು ಸರಿಪಡಿಸಿಕೊಂಡು, ಗಣಿಯೂರಿನಿಂದ ಶುರುಮಾಡಿದರು. ಈ ಸಲ ಟೇಪು ಇರಲಿಲ್ಲ, ತುಂಡುಗಳಿರಲಿಲ್ಲ. ಎಲ್ಲರೂ ಪೂರ್ತಿ ಕೇಳಿದರು. ಅರ್ಧ ಆಟದ ವಿರಾಮಕ್ಕೆ ಬಂದು ಅವರು ತಡವರಿಸಿದಾಗ ಬೇಕರಿಯ ಹುಡುಗ, “ಗಿರ್ಮಿಟ್ ತೆಗೀಬೇಡಿ ಆಂಟಿ, ಇರಲಿ” ಎಂದ. ಇಟ್ಟರು. ಹೇಸರಗತ್ತೆಯವನ ತಲೆಗೆ ಪೆಟ್ಟು ಬಿತ್ತು. ಅವನು ಹೊರಗೆ ಕೂತ. ಆಟ ಮುಗಿಯುವತನಕ ಕೂತೇ ಇದ್ದ. ಅವನಿಲ್ಲದೆ ತಂಡ ಹೇಗೋ ಏದುಸಿರು ಬಿಡುತ್ತ ಗೆದ್ದಿತು. ಕೊನೆಗೆ ಚಾಂಪಿಯನ್ನೂ ಆಯಿತು. ನಾನು ಸಿಯೋನೆಯನ್ನು ನೋಡುತ್ತಿದ್ದೆ. ಅವನು ಕಣ್ಣು ತೆರೆಯಲಿಲ್ಲ. ಆದರೆ ಆ ಭಾಗ ಬಂದಾಗ ಬಾಯಿಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದ್ದ.

ವಾಪಸು ಬರುವಾಗ ನನ್ನ ಚಾಳಿ ಸುಮ್ಮನಿರಲಿಲ್ಲ. ಮೊದಲು ಹೇಳಿದ್ದು ಸುಳ್ಳೋ, ಗುರುವಾರ ಹೇಳಿದ್ದು ಸುಳ್ಳೋ? ಪುಸ್ತಕ ಓದಿದವರು ಅವರೊಬ್ಬರೇ.

“ಸಿಸ್ಟರ್, ನನಗೆ ಮಾತ್ರ ಹೇಳಿ. ಪುಸ್ತಕದಲ್ಲಿ ಆ ಹೇಸರಗತ್ತೆಯವನು ಆಡಿದನೋ, ಹೊರಗೆ ಕೂತನೋ?”

ಸಿಸ್ಟರ್ ಸೀಟಿಗೆ ತಲೆ ಒರಗಿಸಿ ಕೂತಿದ್ದರು. ನಿದ್ದೆ ಬಂತೆಂದುಕೊಂಡೆ.

“ಆಡಿದ್ರೇನು, ಬಿಟ್ರೇನ್ರೀ?” ಎಂದರು. “ಅಂವ ಸತ್ತು ಯಾವ ಕಾಲ ಆತು. ಇಂವಾ ಸೋಮವಾರ ಮುಂಜಾನೆ ಡಾಕ್ಟರ ಕಡೆ ಹೋಗೂದೈತಿ. ರಜಾ ಹಾಕ್ರಿ, ಗಾಡಿ ನಿಮ್ಮದು.”